ದವಗತ

ಫೆಬ್ರವರಿ ೪

ಸುರಂಗಲೋಕದ ಅಧಿಪತಿಗಳೂ, ಬಂಡೆಗಳ ಗಂಡರೂ, ನನಗಿರುವ ಏಕೈಕ ಭಾವನವರೂ ಆದ ತಮ್ಮ ಸನ್ನಿಧಾನಕ್ಕೆ,

ಫೋಟೋ ಸ್ಟುಡಿಯೋದಲ್ಲಿ ಜನರ ಗಲ್ಲ ಎತ್ತಿಸಿ ಇಳಿಸಿ ಹೊಟ್ಟೆ ಹೊರೆಯುವ ಬಡ ಭಾಮೈದ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಸುಪುತ್ರಿ ಗೋಲಿಯವರು ಶಾಲೆ ಸೇರುವಷ್ಟು ಬೆಳೆದುಬಿಟ್ಟಿದ್ದಾರೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಳೇ ಫ್ರಾಕುಗಳೆಲ್ಲ ಮಂಡಿಯ ಮೇಲೆ ನಿಂತು ದೂರು ಕೊಡುತ್ತಿವೆ.

ನಮ್ಮ ಬೀದಿಯ ತುದಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಅರ್ಜಿ ಕೊಡಲು ಶುರು ಮಾಡಿದ್ದಾರೆ. ಸೀಟು ಕಡಿಮೆ, ಮಕ್ಕಳು ಜಾಸ್ತಿ. ಇದು ತಪ್ಪಿದರೆ ಮುಂದಿನ ಶಾಲೆಗೆ ಬಸ್ಸು ಬದಲಿಸಿಕೊಂಡು ಹೋಗಬೇಕು. ನಾನು ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತೂ ಅದೇ. ಅಜ್ಜಿಯ (ನಿಮ್ಮ ಅತ್ತೆ, ನನ್ನ ಹೆತ್ತಮ್ಮ, ಈ ಮನೆಯ ಗೃಹಮಂತ್ರಿ) ಮಂಡಿ ಬಸ್ಸಿನ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಹಾಗಾಗಿ ಈ ಸೀಟು ನಮಗೆ ಬೇಕೇ ಬೇಕು.

ಅರ್ಜಿಯ ಜೊತೆ ಮನೆಯವರ ಫೋಟೋ ಒಂದು ಬೇಕಂತೆ. ಅದು ನನ್ನ ಸಾಮ್ರಾಜ್ಯ. ಕಳೆದ ಭಾನುವಾರ ಸ್ಟುಡಿಯೋದಲ್ಲಿ ನೀಲಿ ಪರದೆ ಇಳಿಬಿಟ್ಟು, ಅಜ್ಜಿಯನ್ನು ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿ, ನಾನು ಒಂದು ಪಕ್ಕ ನಿಂತೆ. ಗೋಲಿ ಇನ್ನೊಂದು ಪಕ್ಕ, ಆದರೆ ಪರದೆಯ ಅಂಚಿಗೆ ಹೋಗಿ ನಿಂತಳು. "ಹತ್ತಿರ ಬಾರೇ, ಚೌಕಟ್ಟಿಂದ ಆಚೆ ಬಿದ್ದೋಗ್ತೀಯ" ಅಂದೆ. "ಇಲ್ಲಿ ಅಮ್ಮಂಗೆ ಜಾಗ" ಅಂದಳು.

"ಮತ್ತೆ ಅಪ್ಪಂಗೆ?"

"ಅಪ್ಪ ಹಿಂದೆ ನಿಂತ್ಕೋತಾನೆ. ಉದ್ದ ಇದ್ದಾನಲ್ಲ."

ಸ್ಟುಡಿಯೋದ ಯಜಮಾನರು ಗುಂಡಿ ಒತ್ತಿದರು. ಭಾವ, ಪ್ರಿಂಟು ಕೈಗೆ ಬಂದಾಗ ಅದನ್ನು ದೀಪದ ಹತ್ತಿರ ಹಿಡಿದು ನೋಡಿದೆ. ನಾವಿಬ್ಬರೂ ಕ್ಯಾಮರಾ ನೋಡುತ್ತಿದ್ದೇವೆ. ಗೋಲಿ ನೋಡುತ್ತಿಲ್ಲ. ಅವಳು ಖಾಲಿ ಜಾಗದ ಕಡೆ ತಿರುಗಿ, ಸ್ವಲ್ಪ ಮೇಲೆ ನೋಡುತ್ತಿದ್ದಾಳೆ. ಸರಿಯಾಗಿ ಅಕ್ಕನ ಎತ್ತರಕ್ಕೆ.

ಈಗ ಮುಖ್ಯ ವಿಷಯ. ಅರ್ಜಿಯಾದ ಮೇಲೆ ಮುಖ್ಯೋಪಾಧ್ಯಾಯಿನಿ ಮಗುವನ್ನು ಕರೆಸಿ ಮಾತಾಡಿಸುತ್ತಾರೆ. ಮನೆಯಲ್ಲಿ ಯಾರ್ಯಾರಿದ್ದೀರಿ, ಅಮ್ಮ ಏನು ಮಾಡ್ತಾರೆ, ಇಂಥವೇ ಪ್ರಶ್ನೆ. ಅಕ್ಕ ಆಸ್ಪತ್ರೆಯಲ್ಲೇ ಹೋದಳು ಎಂದು ಗೋಲಿಗೆ ಇವತ್ತಿನವರೆಗೆ ನಾವು ಹೇಳಿಲ್ಲ. "ಯಾರೂ ಬಾಯಿ ಬಿಡಬೇಡಿ. ನನ್ನ ಮಗಳಿಗೆ ನಾನೇ ಬಂದು ಹೇಳ್ತೀನಿ" ಎಂದು ನೀವು ಬ್ಯಾಗು ಹಿಡಿದು ಹೊರಟದ್ದು ಮಳೆಗಾಲದಲ್ಲಿ. ಈಗ ಬಿಸಿಲು ಶುರುವಾಗಿದೆ. ನಾವು ಬಾಯಿ ಬಿಟ್ಟಿಲ್ಲ. ಅವಳೂ ಅಮ್ಮ ಎಲ್ಲಿ ಅಂತ ಒಂದು ದಿನ ಕೇಳಿಲ್ಲ. ನನಗೆ ದಿಗಿಲು ಅದೇ.

ನೀವು ಬಂದು ಹೇಳಬೇಕು. ಅದೂ ಆ ಸಂದರ್ಶನಕ್ಕೆ ಮುಂಚೆ.

ತಮ್ಮ ಆಜ್ಞಾಧಾರಕ, ಗಲ್ಲ ಎತ್ತಿಸುವ ಇಲಾಖೆಯ
ಭಾಮೈದ


ಫೆಬ್ರವರಿ ೧೯

ಭಾಮೈದನಿಗೆ,

ನಿನ್ನ ಕಾಗದ ರೇಷನ್ ಲಾರಿಯಲ್ಲಿ ಬಂತು. ಮೇಲಿನ ಬಿರುದುಗಳನ್ನು ಅಡುಗೆಯವನು ಎಲ್ಲರಿಗೂ ಕೇಳುವಂತೆ ಓದಿದ. ಈಗ ಕ್ಯಾಂಪಿನಲ್ಲಿ ನನ್ನ ಹೆಸರೇ ಬಂಡೆಗಂಡ.

ರಜೆ ಸಿಗುವುದಿಲ್ಲ. ಗುಡ್ಡದ ಎರಡೂ ಕಡೆಯಿಂದ ಕೊರೆಯುತ್ತಿದ್ದೇವೆ. ಅಳತೆ ನನ್ನದು. ಈಗ ನಾನು ಎದ್ದು ಬಂದರೆ ಎರಡು ಸುರಂಗ ಆಗುತ್ತದೆ.

ಅರ್ಜಿ ನೀನೇ ತುಂಬು. ತಾಯಿಯ ಕಾಲಂ ಖಾಲಿ ಬಿಡು. ಗೋಲಿಗೆ ಏನೂ ಹೇಳಬೇಡ. ನಾನು ಹೇಳುತ್ತೇನೆ ಅಂದಿದ್ದೇನೆ, ಹೇಳುತ್ತೇನೆ.

ಫೋಟೋ ಕಳಿಸಬೇಡ.

ಭಾವ


ಮಾರ್ಚ್ ೨

ಮಹಾಸ್ವಾಮಿಗಳೇ,

ಖಾಲಿ ಬಿಡುವ ತಮ್ಮ ರಾಜಾಜ್ಞೆಯನ್ನು ಶಾಲೆಯ ಗುಮಾಸ್ತ ಕಿಟಕಿಯಿಂದಲೇ ವಾಪಸ್ ಕಳಿಸಿದ.

"ತಾಯಿ ಕಾಲಂ ಖಾಲಿ ಇರಂಗಿಲ್ಲ ಕಣ್ರೀ. ಮಗು ಏನು ಮರದಿಂದ ಉದುರಿತಾ?"

ನಾನು ಕಿಟಕಿಯೊಳಗೆ ತಲೆ ತೂರಿಸಿ, ಗೋಲಿಗೆ ಕೇಳದ ಹಾಗೆ ಪಿಸುಗುಟ್ಟಿದೆ. ಅವನ ಮುಖ ಇಳಿಯಿತು. ಒಳ್ಳೆಯವನೇ ಪಾಪ. "ಹಂಗಾದ್ರೆ ಹೆಸರಿನ ಮುಂದೆ ದಿವಂಗತ ಅಂತ ಹಾಕಿ" ಎಂದು ಅವನೂ ಪಿಸುಗುಟ್ಟಿದ. ಹಿಂದೆ ಸಾಲಿನಲ್ಲಿದ್ದವರಿಗೆ ನಾವು ಲಂಚ ಮಾತಾಡುತ್ತಿದ್ದೇವೆ ಅನ್ನಿಸಿರಬೇಕು. ಒಬ್ಬಾಕೆ ಜೋರಾಗಿ ಕೆಮ್ಮಿದಳು.

ಇಷ್ಟು ದಿನ ನಾನು ಆ ಪದವನ್ನು ಬೇರೆಯವರ ಫೋಟೋ ಚೌಕಟ್ಟಿನ ಕೆಳಗೆ ಎಷ್ಟು ಸಲ ಬರೆದಿದ್ದೇನೋ. ಅಕ್ಕನ ಹೆಸರಿನ ಮುಂದೆ ಬರೆಯಲು ಹೋದರೆ ಪೆನ್ನು ಹೊರಡಲಿಲ್ಲ. ಪೆನ್ನಿನದೇ ತಪ್ಪು ಎನ್ನುವಂತೆ ಅದನ್ನು ಎರಡು ಸಲ ಕೊಡವಿದೆ. ಕೊನೆಗೆ ಬರೆದೆ. ಗೋಲಿ ನನ್ನ ಮೊಣಕೈಗೆ ಗಲ್ಲ ಊರಿಕೊಂಡು ನೋಡುತ್ತಿದ್ದಳು. ಅವಳಿಗೆ ನಾನೇ ಅಕ್ಷರ ಕಲಿಸಿದ ಮಹಾನುಭಾವ. ಗುಣಿತ ಇನ್ನೂ ಬಂದಿಲ್ಲ, ಸೊನ್ನೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

"ದ... ವ... ಗ... ತ. ದವಗತ. ದವಗತ ಅಂದ್ರೇನು ಮಾಮ?"

ಗುಮಾಸ್ತ ಮುದ್ರೆ ಎತ್ತಿದವನು ಹಾಗೇ ಹಿಡಿದುಕೊಂಡು ಕೂತ.

"ಅದೊಂದು ಬಿರುದು" ಅಂದೆ. ಬಾಯಿಗೆ ಬಂದದ್ದು ಅದೇ.

"ಅಮ್ಮಂಗೆ ಕೊಟ್ರಾ?"

"ಕೊಟ್ರು."

"ಅಪ್ಪಂಗೆ?"

"ಇನ್ನೂ ಇಲ್ಲ. ಅಪ್ಪಂದು ನಿಧಾನಕ್ಕೆ ಆಗಲಿ."

ಗುಮಾಸ್ತ ಮುದ್ರೆ ಒತ್ತಿ, ಒತ್ತಿದ ಜಾಗವನ್ನು ಕರವಸ್ತ್ರದಿಂದ ಒರೆಸಿ, ಮತ್ತೆ ಒತ್ತಿದ. ಯಾಕೆ ಒರೆಸಿದ ಎಂದು ಅವನಿಗೂ ಗೊತ್ತಿರಲಿಲ್ಲ.

ಭಾವ, ಮನೆಯಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ದೆವ್ವಗಳ ಇಲಾಖೆಗೆ ವರದಿ ಒಪ್ಪಿಸುವವನ ಗಾಂಭೀರ್ಯದಲ್ಲಿ ಹೇಳುತ್ತೇನೆ, ನಗಬೇಡಿ.

ಒಂದು, ಚೀಲ. ಅಜ್ಜಿಯಾಗಲಿ ನಾನಾಗಲಿ ಅಂಗಡಿಯಿಂದ ಬಂದರೆ ಗೋಲಿ ಎಲ್ಲಿದ್ದರೂ ಓಡಿಬಂದು ಚೀಲದೊಳಗೆ ತಲೆ ಹಾಕುತ್ತಾಳೆ. ಬಿಸ್ಕತ್ತಿಗೆ ಅಂದುಕೊಂಡಿದ್ದೆ. ಬಿಸ್ಕತ್ತು ಮೇಲೇ ಇದ್ದರೂ ಪಕ್ಕಕ್ಕೆ ಸರಿಸಿ ತಳದವರೆಗೆ ನೋಡುತ್ತಾಳೆ. ಚೀಲ ಖಾಲಿಯಾದ ಮೇಲೆ ಅದನ್ನು ನೀಟಾಗಿ ಮಡಿಸಿ ಮೊಳೆಗೆ ನೇತುಹಾಕುತ್ತಾಳೆ.

ಇನ್ನೊಂದು. ಮೊನ್ನೆ ಅಜ್ಜಿ ಅಡುಗೆಮನೆಯಿಂದ, ಕೈಯೆಲ್ಲ ಹಿಟ್ಟಾಗಿದ್ದಾಗ, ಮೈಮರೆತು, "ಎಲ್ಲಿದ್ದೀಯೇ, ಆ ಡಬ್ಬಿ ಎತ್ತಿಕೊಡೇ" ಎಂದು ಕೂಗಿದಳು. ಅಕ್ಕನನ್ನು ಕೂಗುತ್ತಿದ್ದಳಲ್ಲ, ಅದೇ ರಾಗ. ಕೂಗಿದ ಮೇಲೆ ಅವಳಿಗೇ ಗೊತ್ತಾಗಿ ಪಾತ್ರೆಯ ಮುಚ್ಚಳ ಎತ್ತಿಕೊಂಡಳು. ಆಗ ಒಳಕೋಣೆಯಿಂದ, "ಬಂದೇಏ, ಬೆಂಕಿ ಬಿದ್ದಿದೆಯಾ ಏನು" ಎಂದು ಉತ್ತರ ಬಂತು. ಅಕ್ಕನ ಮಾತು. ಅಕ್ಕನದೇ ಎಳೆತ. ಅಜ್ಜಿಯ ಕೈಯಿಂದ ಮುಚ್ಚಳ ಬಿತ್ತು. ಗೋಲಿ ಬಂದು ಸ್ಟೂಲು ಹತ್ತಿ ಡಬ್ಬಿ ಎತ್ತಿಕೊಟ್ಟು, ಆಡಲು ಹೋದಳು.

ಅಜ್ಜಿ ನನ್ನ ಹತ್ತಿರ ಬಂದು, "ನೀನಾ ಅದು? ನೀನು ತಾನೇ ಮಿಮಿಕ್ರಿ ಮಾಡಿದ್ದು?" ಅಂದಳು. ನಾನೇ ಎಂದು ಹೇಳಲಿ ಎನ್ನುವ ಆಸೆ ಇತ್ತು ಅವಳ ಕಣ್ಣಲ್ಲಿ. ನಾನೇ ಅಂದೆ. ಬೆನ್ನಿಗೆ ಎರಡು ಬಿತ್ತು. ಬಿದ್ದದ್ದರಿಂದ ಇಬ್ಬರಿಗೂ ಸಮಾಧಾನವಾಯಿತು.

ಸಂದರ್ಶನ ಈ ತಿಂಗಳ ಇಪ್ಪತ್ತೆಂಟಕ್ಕೆ. ಬನ್ನಿ ಭಾವ. ಸುರಂಗ ಎರಡಾದರೆ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರಬಹುದು, ಸರ್ಕಾರಕ್ಕೆ ಲಾಭವೇ.

ಇಂತಿ ಪೆಟ್ಟು ತಿಂದ
ಭಾಮೈದ


ಮಾರ್ಚ್ ೧೪

ಭಾಮೈದನಿಗೆ,

ಬಿರುದು ಅಂದೆಯಲ್ಲ. ಓದಿ ನಗು ಬಂತು. ಆಮೇಲೆ ಊಟ ಸೇರಲಿಲ್ಲ.

ಇಲ್ಲಿ ಒಳಗೆ ಕೂಗಿದರೆ ನಮ್ಮ ದನಿ ತಡವಾಗಿ ವಾಪಸ್ ಬರುತ್ತದೆ. ಅದು ಎಲ್ಲರಿಗೂ ಗೊತ್ತಿರುವುದೇ. ಕೆಲವು ಸಲ ನಾನು ಕೂಗದೆಯೂ ಬರುತ್ತದೆ. ಜೊತೆಯವರನ್ನು ಕೇಳಿದೆ, ನೀರು ತೊಟ್ಟಿಕ್ಕುವ ಸದ್ದು ಅಂದರು. ಇರಬಹುದು.

ಇಪ್ಪತ್ತೇಳರ ಸಂಜೆ ಒಳಗೆ ಅಲ್ಲಿರುತ್ತೇನೆ. ರಾತ್ರಿ ನಾನೇ ಹೇಳುತ್ತೇನೆ. ಮಾರನೇ ದಿನ ಶಾಲೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಹೇಳು, ಅಪ್ಪ ಬರುತ್ತಾನೆ ಅಂತ.

ಭಾವ


ಮಾರ್ಚ್ ೩೦

ಭಾವ,

ನೀವು ಬರಲಿಲ್ಲ.

ಇಪ್ಪತ್ತೇಳರ ಸಂಜೆ ಗೋಲಿ ಬೀದಿಬಾಗಿಲ ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಊಟಕ್ಕೆ ಕರೆದರೆ, "ಅಪ್ಪಂಗೆ ಭಾರ ಆಗತ್ತೆ, ನಾನು ಒಂದು ಕೈ ಹಿಡಿಬೇಕು" ಅಂದಳು. ಯಾವುದರ ಭಾರ ಎಂದು ನಾವು ಕೇಳಲಿಲ್ಲ. ಕೂತಲ್ಲೇ ನಿದ್ದೆ ಹೋದವಳನ್ನು ಎತ್ತಿಕೊಂಡು ಬಂದು ಮಲಗಿಸಿದೆ.

ಬೆಳಗ್ಗೆ ನಾನೇ ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಒಂದು ಭೂಗೋಳ, ಬಣ್ಣದ ಮಣಿಗಳ ಚೌಕಟ್ಟು, ನೀರಿನ ಜಗ್ಗು. ಆಕೆಗೆ ವಯಸ್ಸಾಗಿದೆ, ದನಿ ಮಾತ್ರ ಹುಡುಗಿಯದು. ಅರ್ಜಿಯನ್ನು ಮುಂಚೆಯೇ ಓದಿದ್ದರು ಅಂತ ಕಾಣುತ್ತದೆ, ಅಮ್ಮನ ಸುದ್ದಿಗೇ ಹೋಗಲಿಲ್ಲ. ಬಣ್ಣ ಕೇಳಿದರು, ಹಣ್ಣು ಕೇಳಿದರು. ಗೋಲಿ ಚುರುಕಾಗಿ ಹೇಳಿದಳು. ಮಾಮ ಏನು ಮಾಡ್ತಾರೆ ಎಂದರೆ, ಫೋಟೋ ತೆಗೀತಾನೆ, ಕ್ಯಾಮರಾ ಒಳಗೆ ಕುಳ್ಳ ಚಿತ್ರಕಾರ ಒಬ್ಬ ಕೂತಿರುತ್ತಾನೆ, ಅವನಿಗೆ ದಿನಾ ಒಂದು ಬಿಸ್ಕತ್ತು ಕೊಡಬೇಕು, ಮಾಮ ಹೇಳಿದ್ದಾನೆ ಅಂದಳು. ಆಕೆ ನನ್ನನ್ನು ನೋಡಿದರು. ನಾನು ಭೂಗೋಳ ನೋಡಿದೆ. ಆ ಬಿಸ್ಕತ್ತುಗಳನ್ನು ತಿಂದವನು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.

ಎಲ್ಲ ಮುಗಿದು ಎದ್ದೆವು. ಆಕೆ ಸುಮ್ಮನೆ ಮಾತಿಗೆ, "ಯಾಕೆ ಮರಿ, ಅಪ್ಪ ಬರ್ಲಿಲ್ವಾ ಇವತ್ತು?" ಎಂದರು.

"ಅಪ್ಪ ಅಮ್ಮನ್ನ ತರಕ್ಕೆ ಹೋಗಿದ್ದಾನೆ" ಅಂದಳು ಗೋಲಿ.

"ಎಲ್ಲಿಂದ ಪುಟ್ಟಾ?"

"ಗೊತ್ತಿಲ್ಲ. ದೂರದ ಅಂಗಡಿ ಇರಬೇಕು. ಅಮ್ಮ ತೀರಿಹೋದ್ಲು. ಅದಕ್ಕೇ ಅಪ್ಪ ಬ್ಯಾಗು ತಗೊಂಡು ಹೋದ."

ಭಾವ, ನಮ್ಮ ಅಜ್ಜಿ ಸಕ್ಕರೆ ಮುಗಿಯಿತು ಅನ್ನುವವಳಲ್ಲ. ಖಾಲಿಯಾಯಿತು ಅನ್ನುವವಳೂ ಅಲ್ಲ. "ಸಕ್ಕರೆ ತೀರಿಹೋಯ್ತು, ಹೋಗಿ ತಾ." "ಸೋಪು ತೀರಿಹೋಯ್ತು." ನಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅದೇ ಮಾತು. ತೀರಿಹೋದರೆ ಒಬ್ಬರು ಮೊಳೆಯಿಂದ ಚೀಲ ತೆಗೆದುಕೊಂಡು ಹೋಗುತ್ತಾರೆ, ತರುತ್ತಾರೆ. ಅಕ್ಕ ಹೋದ ವಾರ ಕೆಳಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತು, "ಪಾಪ, ಇದರ ತಾಯಿ ತೀರಿಹೋದ್ಲಂತೆ" ಎಂದು ಕಣ್ಣೊರೆಸಿಕೊಂಡದ್ದು ನನಗೂ ನೆನಪಿದೆ. ಮಗುವಿಗೆ ಏನು ತಿಳಿಯುತ್ತದೆ ಎಂದು ಸುಮ್ಮನಿದ್ದೆವು. ಅದೇ ವಾರ ನೀವು ಬ್ಯಾಗು ಹಿಡಿದು ಹೊರಟಿರಿ.

ಅವಳು ಅಮ್ಮ ಎಲ್ಲಿ ಅಂತ ಯಾಕೆ ಕೇಳಲಿಲ್ಲ ಗೊತ್ತಾಯಿತೇ? ಕೇಳುವುದೇನಿದೆ. ಅಪ್ಪ ತರಲು ಹೋಗಿದ್ದಾನೆ. ಅಷ್ಟರಲ್ಲಿ ನಮಗೇ ಎಲ್ಲಾದರೂ ಸಿಕ್ಕಿರಬಹುದೆಂದು ಚೀಲ ನೋಡುತ್ತಾಳೆ.

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೋಲಿಯನ್ನು ಮಣಿಗಳ ಹತ್ತಿರ ಕಳಿಸಿ ನನಗೆ ಹೇಳಿದರು: "ಸೀಟು ಕೊಡ್ತೀನಿ. ಅದರ ಚಿಂತೆ ಬೇಡ. ಆದರೆ ಶಾಲೆ ಬಾಗಿಲು ತೆಗೆಯೋ ಮುಂಚೆ ನೀವು ಹೇಳಿರಬೇಕು. ಆಟದ ಮೈದಾನದಲ್ಲಿ ಇನ್ನೊಂದು ಮಗು ಹೇಳತ್ತೆ, ನೋಡ್ತಿರಿ. ಮಕ್ಕಳು ನಯವಾಗಿ ಹೇಳಲ್ಲ. ಇವಳು ಅದನ್ನ ಅಲ್ಲಿ ಕೇಳಬಾರದು."

ಹೂಂ ಅಂದೆ. ಒಂದು ತಮಾಷೆ ಹುಡುಕಿದೆ ಭಾವ, ನಿಜವಾಗಿ ಹುಡುಕಿದೆ. ಸಿಗಲಿಲ್ಲ.

ಈಗಲಾದರೂ ಬನ್ನಿ.

ನಿಮ್ಮ
ಭಾಮೈದ


ಏಪ್ರಿಲ್ ೧೧

ಭಾಮೈದನಿಗೆ,

ಇಪ್ಪತ್ತಾರಕ್ಕೆ ಲಾರಿ ಹತ್ತಿದ್ದೆ. ಅಡುಗೆಯವನು ಡಬ್ಬಿ ಕಟ್ಟಿಕೊಟ್ಟಿದ್ದ. ಗುಡ್ಡದ ಕೆಳಗಿನ ಚೌಕಿಯಲ್ಲಿ ಇಳಿದೆ. ಲಾರಿ ಹೋಯಿತು. ನಡೆದುಕೊಂಡು ವಾಪಸ್ ಬಂದೆ. ಯಾಕೆ ಎಂದು ಆಗ ನನಗೆ ಹೇಳಲು ಬರುತ್ತಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಬಾಯಿ ಬಂದಿದೆ.

ನಾನು ಹೇಳದಿರುವವರೆಗೆ ಒಂದು ಕಡೆಯಾದರೂ ನಿನ್ನ ಅಕ್ಕ ಬದುಕಿದ್ದಾಳೆ ಅನ್ನಿಸುತ್ತಿತ್ತು. ಮಗಳ ತಲೆಯೊಳಗೆ. ಅಲ್ಲಿಂದಲೂ ನಾನೇ ತೆಗೆಯಬೇಕಾ ಅನ್ನಿಸುತ್ತಿತ್ತು.

ಈಗ ಇನ್ನೂ ಕಷ್ಟ. ಬಾಗಿಲಲ್ಲಿ ನಿಂತರೆ ಗೋಲಿ ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಆಮೇಲೆ ನನ್ನ ಹಿಂದೆ ನೋಡುತ್ತಾಳೆ. ಅಷ್ಟನ್ನು ತಡೆದುಕೊಳ್ಳಲು ನನ್ನ ಕೈಲಿ ಆಗುವುದಿಲ್ಲ.

ನೀನೇ ಹೇಳಿಬಿಡು. ನಿನ್ನನ್ನು ಕಂಡರೆ ಅವಳಿಗೆ ಪ್ರಾಣ. ನೀನು ಹೇಳಿದರೆ ಕೇಳುತ್ತಾಳೆ.

ಭಾವ


ಏಪ್ರಿಲ್ ೨೦

ಭಾವ,

ಹೇಳಿದೆ.

ಮಧ್ಯಾಹ್ನ, ಹಿತ್ತಿಲ ಬಾಗಿಲಲ್ಲಿ, ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆವು. ಅಜ್ಜಿ ತಾನು ಇಲ್ಲೇ ಇರುತ್ತೇನೆ ಅಂದವಳು, ನಾನು ಬಾಯಿ ತೆಗೆಯುತ್ತಲೇ ಒಳಗೆ ಎದ್ದುಹೋದಳು.

ತೀರಿಹೋಗುವುದರಲ್ಲಿ ಎರಡು ಥರ ಇದೆ ಅಂದೆ. ಸಕ್ಕರೆ ತೀರಿಹೋದರೆ ಅಂಗಡಿಯಲ್ಲಿ ಇನ್ನೂ ಇರುತ್ತದೆ. ಮನುಷ್ಯರು ತೀರಿಹೋದರೆ ಎಲ್ಲಿಯೂ ಇರುವುದಿಲ್ಲ. ಅಮ್ಮ ಎರಡನೇ ಥರ ತೀರಿಹೋದಳು. ಅಮ್ಮನ ಕಾಯಿಲೆ ವಾಸಿಯಾಗಲಿಲ್ಲ. ಸತ್ತುಹೋದಳು. ಅಪ್ಪ ಎಷ್ಟು ದೂರ ಹೋದರೂ ಸಿಗುವುದಿಲ್ಲ.

ಗೋಲಿ ಗಮನವಿಟ್ಟು ಕೇಳಿದಳು. ಕೇಳಿ ನನ್ನ ಮುಖಕ್ಕೆ ಮುಖ ತಂದು ತುಟಿಯ ತುದಿ ನೋಡತೊಡಗಿದಳು. ನಾನು ಸುಳ್ಳು ಹೇಳುವಾಗ ಅಲ್ಲಿ ನಗು ಅದುರುತ್ತದಂತೆ, ಅವಳು ಯಾವತ್ತೋ ಕಂಡುಹಿಡಿದಿದ್ದಾಳೆ. ಕಾದಳು. ಬೆರಳಿಂದ ತುಟಿಯ ತುದಿಯನ್ನು ಮೇಲಕ್ಕೆ ಎತ್ತಿದಳು.

"ನಗು ಮಾಮ."

ನಾನು ನಗಲಿಲ್ಲ.

"ಸಾಕು, ನಗು ಮಾಮ. ನಗೋ."

ನನ್ನಿಂದ ಆಗಲಿಲ್ಲ ಭಾವ. ಅವಳು ಹಿಂದಕ್ಕೆ ಸರಿದು, ನನ್ನ ತೊಡೆ ತಟ್ಟಿ, "ಈ ಸಲ ತುಂಬಾ ಚೆನ್ನಾಗಿ ಮಾಡ್ತಿದ್ದೀಯ" ಅಂದಳು.

ಆಮೇಲೆ ಬಟ್ಟೆ ಮಡಿಸಿದಳು. ಸಂಜೆ ನಾನು ಅಂಗಡಿಯಿಂದ ಬಂದಾಗ ಓಡಿಬಂದು ಚೀಲದ ಬಾಯಿ ಹಿಡಿದಳು. ಆದರೆ ಒಳಗೆ ನೋಡಲಿಲ್ಲ. ಹಿಡಿದುಕೊಂಡೇ ನಿಂತಿದ್ದಳು.

ಕುಳ್ಳ ಚಿತ್ರಕಾರನನ್ನು ಹುಟ್ಟಿಸಿದ ಬಾಯಿಯಿಂದ ಬಂದ ಮಾತನ್ನು ಮಗು ಯಾಕೆ ನಂಬಬೇಕು? ಈ ಮನೆಯಲ್ಲಿ ಯಾವತ್ತೂ ತಮಾಷೆ ಮಾಡದವರು ನೀವೊಬ್ಬರೇ. "ಅಪ್ಪ ಹೇಳಿದ್ರೆ ನಂಬ್ತೀನಿ" ಅಂದಳು. ಅದನ್ನೇ ಕಾಗದದಲ್ಲಿ ಕೇಳು ಅಂದೆ. ಬರೆಯುವವನು ನಾನು, ಮಾತು ಅವಳದು. ಇದರ ಜೊತೆ ಇಟ್ಟಿದ್ದೇನೆ.

ಭಾಮೈದ


ಅಪ್ಪಾ,

ನಾನು ಗೋಲಿ. ಮಾಮ ಬರೀತಾ ಇದ್ದಾನೆ. ನಾನು ಹೇಳಿದ್ದಷ್ಟೇ ಬರೀಬೇಕು, ಮಧ್ಯೆ ಅವನ ಜೋಕು ಹಾಕಬಾರದು ಅಂತ ಹೇಳಿದೀನಿ.

ನಂಗೆ ಸೀಟು ಸಿಕ್ತು. ದೊಡ್ಡ ಟೀಚರ್ ಒಳ್ಳೆಯವರು, ಅವರಿಗೆ ನೆಗಡಿ.

ಅಮ್ಮ ಯಾವ ಅಂಗಡಿಯಲ್ಲೂ ಸಿಗಲ್ಲ ಅಂತ ಮಾಮ ಹೇಳಿದ. ಮಾಮ ಸುಳ್ಳು ಹೇಳ್ತಾನೆ. ನೀನು ಹೇಳಲ್ಲ. ಅದಕ್ಕೆ ನೀನು ಹೇಳು.

ಮಾಮ ಹೇಳಿದ್ದು ಸುಳ್ಳಾದ್ರೆ ನೀನು ಇನ್ನೂ ಸ್ವಲ್ಪ ದಿನ ಹುಡುಕು. ಶಾಲೆಗೆ ಮಾಮನ ಜೊತೆ ಹೋಗ್ತೀನಿ, ಪರವಾಗಿಲ್ಲ.

ನಿಜ ಆದ್ರೆ ಹುಡುಕಬೇಡ. ಬರಿಗೈಲೇ ಬಾ. ನಾನು ಬೈಯಲ್ಲ.

ಗೋಲಿ


ಏಪ್ರಿಲ್ ೨೯

ಗೋಲಿ ಪುಟ್ಟಾ,

ಇದನ್ನು ಮಾಮ ಓದುತ್ತಾನೆ. ಓದುವಾಗ ಅವನ ಮುಖ ನೋಡಬೇಡ. ಮಾತು ನನ್ನದು.

ಶನಿವಾರದ ಲಾರಿಗೆ ಹೊರಡುತ್ತೇನೆ. ಈ ಸಲ ದಾರಿಯಲ್ಲಿ ಇಳಿಯುವುದಿಲ್ಲ. ಭಾನುವಾರ ಬೆಳಗ್ಗೆ ಬಾಗಿಲು ತಟ್ಟುತ್ತೇನೆ, ನೀನೇ ತೆಗೆ.

ಬರಿಗೈಲಿ ಬರುತ್ತಿದ್ದೇನೆ ಮಗಳೇ.

ಅಪ್ಪ